ಮಹಿಳಾ ಠಾಣೆ ತೆರೆದರೆ ಸಾಕೇ? ಪಾಕಿಸ್ತಾನದ ಪೊಲೀಸರು ಮತ್ತು ಹೆಣ್ಣುಮಕ್ಕಳ ನ್ಯಾಯ: ಅಧ್ಯಯನ ಟಿಪ್ಪಣಿ

ಮುಸ್ಲಿಂ ಸಮಾಜಗಳಲ್ಲಿ ಪೊಲೀಸರು ಮತ್ತು ಲಿಂಗ ಸಮಾನತೆ ಅಂತ ಪ್ರಶ್ನೆ ಬಂದರೆ ನಾವು ಸಾಮಾನ್ಯವಾಗಿ ಏನು ಬರೆಯುತ್ತೇವೆ? ಧರ್ಮ ಹೀಗೆ ಹೇಳುತ್ತದೆ ಅಂತ ಒಂದು ಪುಟ, ಮಹಿಳಾ ಪೊಲೀಸರ ಸಂಖ್ಯೆ ಹೆಚ್ಚಬೇಕು ಅಂತ ಇನ್ನೊಂದು ಪುಟ. ಅಷ್ಟರಲ್ಲಿ ಠಾಣೆಯೊಳಗೆ ಏನು ನಡೆಯುತ್ತದೆ ಅನ್ನುವುದೇ ಬಿಟ್ಟುಹೋಗಿರುತ್ತದೆ. ಇಂಡೋನೇಷ್ಯಾ, ಟರ್ಕಿ, ಪಾಕಿಸ್ತಾನ ಎಲ್ಲವನ್ನೂ ಒಂದೇ ಗಂಟು ಕಟ್ಟುವುದೂ ಸರಿಯಲ್ಲ. ಹಾಗಾಗಿ ಈ ಟಿಪ್ಪಣಿಯಲ್ಲಿ ಪಾಕಿಸ್ತಾನವನ್ನು ಮುಖ್ಯವಾಗಿ ನೋಡೋಣ, ಕೊನೆಗೆ ಬಾಂಗ್ಲಾದೇಶದ ಒಂದು ಪ್ರಕರಣ.

ನಮಗೊಂದು ಅನುಕೂಲವೂ ಇದೆ. ಅಲ್ಲಿನ ಠಾಣೆಗಳ ಕೆಲಸ ಇಂದಿಗೂ ಬ್ರಿಟಿಷರ 1898ರ ಕ್ರಿಮಿನಲ್ ಪ್ರೊಸೀಜರ್ ಕೋಡ್ ಪ್ರಕಾರ ನಡೆಯುತ್ತದೆ. ಎಫ್‌ಐಆರ್ ಬರೆಯುವುದು ಅದರ 154ನೇ ಸೆಕ್ಷನ್ ಅಡಿ. ಭಾರತದಲ್ಲೂ 2024ರಲ್ಲಿ ಹೊಸ ಸಂಹಿತೆ ಜಾರಿಗೆ ಬರುವವರೆಗೆ ಅದೇ ಸಂಖ್ಯೆ ಇತ್ತು. ಆದ್ದರಿಂದ ಅಲ್ಲಿನ ಎಸ್‌ಎಚ್‌ಒ, ಅಂದರೆ ಠಾಣಾಧಿಕಾರಿ, ಏನು ಮಾಡಬಲ್ಲ, ಏನು ಮಾಡದೆ ಕೂರಬಲ್ಲ ಅನ್ನುವುದು ನಮಗೆ ಹೊಸದೇನಲ್ಲ.

ಪೊಲೀಸರ ಅಧಿಕಾರವೇ ತೊಂದರೆಯಾದಾಗ

1979ರಲ್ಲಿ ಪಾಕಿಸ್ತಾನದ ಸೇನಾ ಆಡಳಿತಗಾರ ಜನರಲ್ ಜಿಯಾ ಉಲ್ ಹಕ್ ಹುದೂದ್ ಸುಗ್ರೀವಾಜ್ಞೆಗಳನ್ನು, ಅಂದರೆ ಇಸ್ಲಾಮಿಕ್ ಶಿಕ್ಷೆಗಳ ಕಾನೂನುಗಳನ್ನು, ತಂದರು. ಅದರಲ್ಲಿ ಝಿನಾ, ಅಂದರೆ ಮದುವೆಯಾಚೆಗಿನ ಲೈಂಗಿಕ ಸಂಬಂಧ, ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧವಾಯಿತು. ಅತ್ಯಾಚಾರವೂ ಅದೇ ಕಾನೂನಿನೊಳಗೆ ಸೇರಿತು. ಪರಿಣಾಮ ನೋಡಿ. ಅತ್ಯಾಚಾರ ಆಯಿತು ಅಂತ ಹೇಳಿದ ಹೆಣ್ಣು ಅದನ್ನು ಸಾಬೀತು ಮಾಡಲಾಗದಿದ್ದರೆ, ಸಂಬಂಧ ಇತ್ತು ಅಂತ ಅವಳೇ ಒಪ್ಪಿಕೊಂಡ ಹಾಗೆ ಲೆಕ್ಕ ಹಾಕುವ ಅಪಾಯ ಇತ್ತು. 1983ರಲ್ಲಿ ಕಣ್ಣು ಕಾಣದ ಒಬ್ಬ ಹುಡುಗಿಗೆ ಆದದ್ದು ಇದೇ. ಅವಳು ಗರ್ಭಿಣಿಯಾದದ್ದನ್ನೇ ಸಾಕ್ಷಿ ಮಾಡಿ ಕೆಳ ನ್ಯಾಯಾಲಯ ಅವಳಿಗೆ ಶಿಕ್ಷೆ ಕೊಟ್ಟಿತು. ದೇಶವಿಡೀ ಗಲಾಟೆಯಾದ ಮೇಲೆ ಫೆಡರಲ್ ಶರಿಯತ್ ನ್ಯಾಯಾಲಯ ಅವಳನ್ನು ಬಿಡುಗಡೆ ಮಾಡಿತು. ಶಿಕ್ಷೆ ರದ್ದು ಮಾಡಿದ್ದು ಶರಿಯತ್ ನ್ಯಾಯಾಲಯವೇ. ಧರ್ಮ ಒಂದು ಕಡೆ, ಹೆಣ್ಣು ಇನ್ನೊಂದು ಕಡೆ ಅಂತ ಸುಮ್ನೆ ಗೆರೆ ಎಳೆಯುವವರು ಇದನ್ನು ಗಮನಿಸಬೇಕು.

ಇಷ್ಟಪಟ್ಟವನನ್ನು ಮದುವೆಯಾದ ಮಗಳ ಮೇಲೆ ಅಪ್ಪನೇ ಕೇಸು ಹಾಕುವುದು, ಮರುಮದುವೆಯಾದವಳ ಮೇಲೆ ಹಳೇ ಗಂಡ ಹಾಕುವುದು ಮಾಮೂಲಾಯಿತು. ಆಮೇಲೆ ಕೇಸು ಬಿದ್ದುಹೋದರೂ ಅಷ್ಟರೊಳಗೆ ಅವಳು ಜೈಲಿನಲ್ಲಿ ದಿನ ಕಳೆದಿರುತ್ತಿದ್ದಳು.

ಇದನ್ನು ಹೇಗೆ ಸರಿಪಡಿಸಿದರು ಅನ್ನುವುದು ಚೆನ್ನಾಗಿ ನೆನಪಿಡಬೇಕಾದ ಅಂಶ. 2004ರ ತಿದ್ದುಪಡಿ, ಝಿನಾ ಆರೋಪ ಹೊತ್ತ ಹೆಣ್ಣಿನ ತನಿಖೆಯನ್ನು ಎಸ್‌ಪಿ ದರ್ಜೆಗಿಂತ ಕೆಳಗಿನವರು ಮಾಡುವಂತಿಲ್ಲ, ನ್ಯಾಯಾಲಯ ಒಪ್ಪದೆ ಬಂಧಿಸುವಂತಿಲ್ಲ ಅಂದಿತು. 2006ರ ಮಹಿಳಾ ರಕ್ಷಣಾ ಕಾಯ್ದೆ ಇನ್ನೂ ಮುಂದೆ ಹೋಯಿತು. ಅತ್ಯಾಚಾರವನ್ನು ಮತ್ತೆ ದಂಡ ಸಂಹಿತೆಗೆ ತಂದಿತು. ಝಿನಾ ದೂರು ಕೊಡುವವರು ಠಾಣೆಗಲ್ಲ, ನಾಲ್ವರು ಪ್ರತ್ಯಕ್ಷ ಸಾಕ್ಷಿಗಳನ್ನು ಕರೆದುಕೊಂಡು ನೇರ ಸೆಷನ್ಸ್ ನ್ಯಾಯಾಲಯಕ್ಕೆ ಹೋಗಬೇಕು ಅಂದಿತು. ಅಂದರೆ ಹೆಣ್ಣುಮಕ್ಕಳಿಗೆ ಅತಿ ದೊಡ್ಡ ನೆಮ್ಮದಿ ಸಿಕ್ಕಿದ್ದು ಪೊಲೀಸರಿಗೆ ಹೊಸ ಅಧಿಕಾರ ಕೊಟ್ಟದ್ದರಿಂದ ಅಲ್ಲ, ಇದ್ದ ಅಧಿಕಾರ ಕಿತ್ತುಕೊಂಡದ್ದರಿಂದ!

1994ರ ಪ್ರಯೋಗ

ಬೆನಜೀರ್ ಭುಟ್ಟೊ ಪ್ರಧಾನಿಯಾಗಿದ್ದಾಗ, 1994ರಲ್ಲಿ, ರಾವಲ್ಪಿಂಡಿಯಲ್ಲಿ ಪಾಕಿಸ್ತಾನದ ಮೊದಲ ಮಹಿಳಾ ಪೊಲೀಸ್ ಠಾಣೆ ಶುರುವಾಯಿತು. ಈ ಯೋಚನೆ ಅಲ್ಲೇ ಹುಟ್ಟಿದ್ದಲ್ಲ. ಕೇರಳದ ಕೋಳಿಕ್ಕೋಡಿನಲ್ಲಿ 1973ರಲ್ಲೇ ಇಂಥ ಠಾಣೆ ಇತ್ತು. ಠಾಣೆಯಲ್ಲಿ ಬಂಧನದಲ್ಲಿರುವ ಹೆಣ್ಣುಮಕ್ಕಳ ಮೇಲೆ ದೌರ್ಜನ್ಯ ನಡೆಯುತ್ತದೆ ಅನ್ನುವ ದೂರು ಆಗ ಜೋರಾಗಿತ್ತು. ಹಾಗಾಗಿ ಹೆಜ್ಜೆ ಸರಿಯಾದದ್ದೇ. ಪರದೆ ಪಾಲಿಸುವ ಹೆಂಗಸಿಗೆ ಇನ್ನೊಬ್ಬ ಹೆಂಗಸಿನ ಮುಂದೆ ಬಾಯಿ ಬಿಡುವುದು ಸುಲಭ, ಅಲ್ವಾ?

ಆದರೆ ಇಂಥ ಠಾಣೆಗಳು ಬಂದದ್ದು ಮುಖ್ಯವಾಗಿ ದೊಡ್ಡ ಊರುಗಳಲ್ಲಿ. ಹಳ್ಳಿಯಲ್ಲಿ ಏಟು ತಿಂದವಳು ಅಷ್ಟು ದೂರ ಹೋಗಬೇಕಾದರೆ ಬಸ್ ಚಾರ್ಜಿಗೂ ಜೊತೆಗೆ ಬರುವ ಗಂಡಸಿಗೂ ಅದೇ ಮನೆಯವರನ್ನೇ ಕೇಳಬೇಕು. ಇನ್ನೊಂದು ತೊಂದರೆ ಮಹಿಳಾ ಸಿಬ್ಬಂದಿಯದ್ದು. ಅವರನ್ನು ತನಿಖೆಗೆ ಹಾಕುವುದಕ್ಕಿಂತ ತಪಾಸಣೆಗೆ, ದಾಳಿಯ ಹೊತ್ತಿಗೆ ಜೊತೆಗೆ, ಮಹಿಳಾ ಕೈದಿಗಳ ಕಾವಲಿಗೆ ಕಳಿಸುವುದೇ ಜಾಸ್ತಿ. ನನ್ನ ಅಭಿಪ್ರಾಯ ಕೇಳಿದರೆ, ಬೇರೆ ಠಾಣೆಗಿಂತ ಮಾಮೂಲಿ ಠಾಣೆಯಲ್ಲೇ ತನಿಖೆ ಮಾಡಬಲ್ಲ ಇಬ್ಬರು ಮಹಿಳಾ ಅಧಿಕಾರಿಗಳು ಇರುವುದು ಮೇಲು. ಖೈಬರ್ ಪಖ್ತುನ್ಖ್ವಾ ಪ್ರಾಂತ್ಯ ಸಾಮಾನ್ಯ ಠಾಣೆಗಳಲ್ಲೇ ಮಹಿಳಾ ಡೆಸ್ಕ್ ಇಟ್ಟದ್ದು ಈ ದಾರಿಯಲ್ಲಿ ಒಂದು ಹೆಜ್ಜೆ.

ಮುಲ್ತಾನಿನಲ್ಲಿ 2017ರಲ್ಲಿ ಶುರುವಾದ ಮಹಿಳಾ ದೌರ್ಜನ್ಯ ತಡೆ ಕೇಂದ್ರದ್ದು ಇನ್ನೊಂದು ದಾರಿ. ದೂರು, ವೈದ್ಯಕೀಯ ಪರೀಕ್ಷೆ, ವಕೀಲರ ನೆರವು, ಆಪ್ತ ಸಮಾಲೋಚನೆ, ಉಳಿದುಕೊಳ್ಳಲು ಜಾಗ ಎಲ್ಲ ಒಂದೇ ಕಟ್ಟಡದಲ್ಲಿ. ಠಾಣೆಯಿಂದ ಆಸ್ಪತ್ರೆ, ಆಸ್ಪತ್ರೆಯಿಂದ ಕೋರ್ಟು ಅಂತ ಅಲೆದಾಡುವಾಗಲೇ ಎಷ್ಟೋ ಕೇಸುಗಳು ಸತ್ತುಹೋಗುತ್ತವೆ. ಅದಕ್ಕೆ ಇದು ಉತ್ತರ.

ಎಫ್‌ಐಆರ್‌ನಲ್ಲಿ ಯಾವ ಸೆಕ್ಷನ್?

ಈ ಭಾಗವನ್ನು ನಿಧಾನವಾಗಿ ಓದಿ. ಪಾಕಿಸ್ತಾನದ ಕಿಸಾಸ್ (ಮಾಡಿದ್ದಕ್ಕೆ ಸಮನಾದ ಶಿಕ್ಷೆ) ಮತ್ತು ದಿಯತ್ (ಪರಿಹಾರದ ಹಣ) ಕಾನೂನಿನಲ್ಲಿ ಕೊಲೆಯಾದವರ ವಾರಸುದಾರರು ಕೊಲೆಗಾರನನ್ನು ಕ್ಷಮಿಸಬಹುದು. ಮರ್ಯಾದೆಗೇಡು ಹತ್ಯೆಯಲ್ಲಿ ಕೊಂದವನು ಅಣ್ಣ, ಕ್ಷಮಿಸುವವರು ಅಪ್ಪ ಅಮ್ಮ. ಕೇಸು ಮನೆಯೊಳಗೇ ಮುಗಿಯಿತು.

2016ರ ಜುಲೈನಲ್ಲಿ ಸಾಮಾಜಿಕ ಜಾಲತಾಣದಲ್ಲಿ ಹೆಸರಾಗಿದ್ದ ಕಂದೀಲ್ ಬಲೋಚ್ ಅವರನ್ನು ಅವರ ತಮ್ಮನೇ ಕೊಂದ. ಆಗ ಪೊಲೀಸರು ಕೊಲೆಯ ಸೆಕ್ಷನ್ ಜೊತೆಗೆ 311 ಕೂಡ ಸೇರಿಸಿದರು. ಆ ಸೆಕ್ಷನ್ ಹಾಕಿದರೆ ಮನೆಯವರು ಕ್ಷಮಿಸಿದರೂ ಸರ್ಕಾರ ಕೇಸು ಮುಂದುವರಿಸಬಹುದು. ಅದೇ ಅಕ್ಟೋಬರಿನಲ್ಲಿ ಸಂಸತ್ತು ಕಾನೂನು ತಿದ್ದಿತು. ಮರ್ಯಾದೆಯ ಹೆಸರಿನ ಕೊಲೆಗೆ ವಾರಸುದಾರರು ಕ್ಷಮಿಸಿದರೂ ಜೀವಾವಧಿ ಶಿಕ್ಷೆ.

ಆದರೂ ಒಂದು ತೂತು ಉಳಿಯಿತು. ಆ ಕೊಲೆ ಮರ್ಯಾದೆಗಾಗಿ ನಡೆದದ್ದು ಅಂತ ಮೊದಲು ತೋರಿಸಬೇಕು. ಠಾಣೆಯವರು ಆಸ್ತಿ ಜಗಳ ಅಂತಲೋ ಮನೆ ಜಗಳ ಅಂತಲೋ ಬರೆದುಕೊಂಡರೆ ಕ್ಷಮಾಪಣೆಯ ಹಳೇ ದಾರಿ ತೆರೆದೇ ಇರುತ್ತದೆ. ಕಂದೀಲ್ ಪ್ರಕರಣದಲ್ಲೇ ತಮ್ಮನಿಗೆ 2019ರಲ್ಲಿ ಜೀವಾವಧಿ ಶಿಕ್ಷೆಯಾಯಿತು, 2022ರಲ್ಲಿ ಲಾಹೋರ್ ಹೈಕೋರ್ಟಿನ ಮುಲ್ತಾನ್ ಪೀಠ ಬಿಡುಗಡೆ ಮಾಡಿತು. ಅಷ್ಟು ಹೊತ್ತಿಗೆ ತಾಯಿ ಮಗನನ್ನು ಕ್ಷಮಿಸಿದ್ದರು.

ಮನಸ್ಥಿತಿಯ ವಿಷಯ

2020ರ ಸೆಪ್ಟೆಂಬರಿನಲ್ಲಿ ಲಾಹೋರ್ ಬಳಿಯ ಮೋಟಾರ್‌ವೇಯಲ್ಲಿ ಪೆಟ್ರೋಲ್ ಮುಗಿದು ಕಾರು ನಿಂತಾಗ ಒಬ್ಬ ಮಹಿಳೆಯ ಮೇಲೆ ಅವಳ ಮಕ್ಕಳ ಎದುರೇ ಅತ್ಯಾಚಾರ ನಡೆಯಿತು. ಆ ನಗರದ ಪೊಲೀಸ್ ಮುಖ್ಯಸ್ಥರು ಕೇಳಿದ್ದು, ರಾತ್ರಿ ಹೊತ್ತು ಒಬ್ಬಳೇ ಯಾಕೆ ಹೊರಟಳು, ಪೆಟ್ರೋಲ್ ಯಾಕೆ ನೋಡಿಕೊಳ್ಳಲಿಲ್ಲ ಅಂತ. ಜನ ಬೀದಿಗಿಳಿದರು, ಅವರು ಕ್ಷಮೆ ಕೇಳಿದರು. 2021ರ ಜನವರಿಯಲ್ಲಿ ಲಾಹೋರ್ ಹೈಕೋರ್ಟಿನ ನ್ಯಾಯಮೂರ್ತಿ ಆಯೇಷಾ ಮಲಿಕ್ ಅತ್ಯಾಚಾರ ಸಂತ್ರಸ್ತರ ಎರಡು ಬೆರಳಿನ ಪರೀಕ್ಷೆಯನ್ನು, ಅಂದರೆ ಕನ್ಯತ್ವ ಪರೀಕ್ಷೆಯನ್ನು, ಕಾನೂನುಬಾಹಿರ ಅಂತ ತೀರ್ಪು ಕೊಟ್ಟರು. ಅದೇ ವರ್ಷದ ಕೊನೆಗೆ ಬಂದ ಅತ್ಯಾಚಾರ ವಿರೋಧಿ ಕಾಯ್ದೆ ವಿಶೇಷ ತನಿಖಾ ಘಟಕಗಳಿಗೆ ದಾರಿ ಮಾಡಿತು.

ಸಮವಸ್ತ್ರದ ಪ್ರಶ್ನೆ ಎಲ್ಲರಿಗೂ ಇಷ್ಟ, ಆದರೆ ಅದು ಸಣ್ಣದು. ಇಂಡೋನೇಷ್ಯಾ 2015ರಲ್ಲಿ, ಟರ್ಕಿ 2016ರಲ್ಲಿ ಮಹಿಳಾ ಪೊಲೀಸರಿಗೆ ತಲೆವಸ್ತ್ರ ಧರಿಸಲು ಅವಕಾಶ ಕೊಟ್ಟವು. ಧರಿಸುವ ಹೆಣ್ಣುಮಕ್ಕಳಿಗೆ ಇದರಿಂದ ನೇಮಕಾತಿಯ ಬಾಗಿಲು ತೆರೆಯಿತು, ಅಷ್ಟೇ.

ಬಾಂಗ್ಲಾದೇಶದ ಫೇನಿ ಜಿಲ್ಲೆಯ ಪ್ರಕರಣ ಇದಕ್ಕಿಂತ ತುಂಬಾ ಮುಖ್ಯ. 2019ರ ಮಾರ್ಚ್‌ನಲ್ಲಿ ಒಬ್ಬ ವಿದ್ಯಾರ್ಥಿನಿ ತನ್ನ ಮದರಸಾದ ಪ್ರಾಂಶುಪಾಲನ ಮೇಲೆ ಲೈಂಗಿಕ ಕಿರುಕುಳದ ದೂರು ಕೊಟ್ಟಳು. ಅಳುತ್ತಾ ಹೇಳಿಕೆ ಕೊಡುತ್ತಿದ್ದವಳನ್ನು ಠಾಣಾಧಿಕಾರಿ ಮೊಬೈಲಿನಲ್ಲಿ ಚಿತ್ರೀಕರಿಸಿದ. ಆ ವಿಡಿಯೊ ಹೊರಗೆ ಹರಿದಾಡಿತು. ಪ್ರಾಂಶುಪಾಲನ ಬಂಧನವೇನೋ ಆಯಿತು, ಆದರೆ ಏಪ್ರಿಲ್ 6ರಂದು ಪರೀಕ್ಷೆಗೆ ಬಂದವಳನ್ನು ಮದರಸಾದ ಮಹಡಿಗೆ ಕರೆದು ಬೆಂಕಿ ಹಚ್ಚಿದರು. ಏಪ್ರಿಲ್ 10ಕ್ಕೆ ತೀರಿಕೊಂಡಳು. ಅಕ್ಟೋಬರಿನಲ್ಲಿ 16 ಜನರಿಗೆ ಮರಣದಂಡನೆ ಆಯಿತು. ಠಾಣಾಧಿಕಾರಿಗೂ ನವೆಂಬರಿನಲ್ಲಿ 8 ವರ್ಷ ಜೈಲಾಯಿತು. ಅದೂ ಅವಳನ್ನು ಕಾಪಾಡದೆ ಬಿಟ್ಟದ್ದಕ್ಕಲ್ಲ. ವಿಡಿಯೊ ಮಾಡಿ ಹರಡಿದ್ದಕ್ಕೆ, ಡಿಜಿಟಲ್ ಭದ್ರತಾ ಕಾಯ್ದೆಯ ಅಡಿ.