ಬಫರ್‌ಬ್ಲೋಟ್: ಜಾಸ್ತಿ ಮೆಮೊರಿಯಿಂದ ನಿಧಾನವಾದ ನೆಟ್‌ವರ್ಕ್, ಅದನ್ನು ಪದರಪದರವಾಗಿ ಸರಿಮಾಡಿದ ಲಿನಕ್ಸ್

ಒಬ್ಬರು ವೀಡಿಯೊ ಕಾಲ್‌ನಲ್ಲಿ ಮಾತಾಡುತ್ತಿದ್ದಾರೆ. ಅದೇ ವೈಫೈನಲ್ಲಿರುವ ಇನ್ನೊಬ್ಬರು ಫೋಟೊಗಳನ್ನು ಕ್ಲೌಡ್‌ಗೆ ಅಪ್‌ಲೋಡ್ ಮಾಡಲು ಶುರುಮಾಡುತ್ತಾರೆ. ತಕ್ಷಣ ಮಾತು ತುಂಡುತುಂಡಾಗುತ್ತದೆ, ಪರದೆಯ ಮೇಲಿನ ಮುಖ ನಿಂತಲ್ಲೇ ನಿಲ್ಲುತ್ತದೆ. ಸ್ಪೀಡ್ ಟೆಸ್ಟ್ ಮಾಡಿದರೆ ಮಾತ್ರ ಅಂಕಿ ಚೆನ್ನಾಗೇ ಬರುತ್ತದೆ. ಆಗ ಹೆಚ್ಚಿನವರು ಇನ್ನೂ ದೊಡ್ಡ ಪ್ಲಾನ್ ಹಾಕಿಸಿಕೊಳ್ಳುತ್ತಾರೆ. ತೊಂದರೆ ಸ್ವಲ್ಪ ಕಡಿಮೆಯಾದಂತೆ ಕಾಣುತ್ತದೆ, ಆದರೆ ಹೋಗುವುದಿಲ್ಲ. ಏಕೆಂದರೆ ಇಲ್ಲಿ ವೇಗಕ್ಕೆ ಕೊರತೆ ಇಲ್ಲ. ದಾರಿಯಲ್ಲಿ ಎಲ್ಲೋ ಪ್ಯಾಕೆಟ್‌ಗಳು, ಅಂದರೆ ಡೇಟಾದ ಸಣ್ಣ ತುಂಡುಗಳು, ಉದ್ದನೆಯ ಕ್ಯೂನಲ್ಲಿ ಸುಮ್ನೆ ಕಾಯುತ್ತಿವೆ.

ಈ ತೊಂದರೆಯ ಹೆಸರು ಬಫರ್‌ಬ್ಲೋಟ್. ಬಫರ್ ಎಂದರೆ ಪ್ಯಾಕೆಟ್‌ಗಳು ಸರದಿ ಕಾಯುವ ಮೆಮೊರಿ, ಅದು ಅತಿಯಾಗಿ ಉಬ್ಬಿದರೆ ಹೀಗಾಗುತ್ತದೆ. ಇದರ ವಿರುದ್ಧದ ಕೆಲಸ ಬಹುಪಾಲು ನಡೆದದ್ದು ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನ ಒಳಗೆ, 2011ರಿಂದ ಸುಮಾರು ಏಳೆಂಟು ವರ್ಷ. ಹೊರಗಿನವರಿಗೆ ಇದು ಕಾಣಲಿಲ್ಲ. ನನ್ನ ಮಟ್ಟಿಗೆ ಈಚಿನ ಎರಡು ದಶಕಗಳಲ್ಲಿ ನೆಟ್‌ವರ್ಕ್ ಸಾಫ್ಟ್‌ವೇರ್‌ನಲ್ಲಿ ನಡೆದ ಅತಿ ಮುಖ್ಯ ಕೆಲಸ ಇದೇ.

ಮೂಲ ಹುಡುಕಿದರೆ 1980ರ ದಶಕಕ್ಕೆ ಹೋಗಬೇಕು. 1986ರ ಅಕ್ಟೋಬರ್‌ನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೂ ನಡುವಿನ ಸಂಪರ್ಕ ಕುಸಿಯಿತು. ಎರಡರ ನಡುವಿನ ದೂರ ಬರೀ 400 ಗಜ. ಸೆಕೆಂಡಿಗೆ 32 ಕಿಲೋಬಿಟ್ ಸಾಗುತ್ತಿದ್ದಲ್ಲಿ 40 ಬಿಟ್‌ಗೆ ಇಳಿಯಿತು. ಕಿಲೋಬಿಟ್ ಅಲ್ಲ, ಬಿಟ್. ಕಂಪ್ಯೂಟರ್‌ಗಳು ಕಳೆದುಹೋದ ಪ್ಯಾಕೆಟ್‌ಗಳನ್ನು ಮತ್ತೆ ಮತ್ತೆ ಕಳಿಸುತ್ತಿದ್ದವು. ಅದರಿಂದ ದಟ್ಟಣೆ ಇನ್ನೂ ಜಾಸ್ತಿಯಾಗುತ್ತಿತ್ತು. ವ್ಯಾನ್ ಜೇಕಬ್ಸನ್ ಮತ್ತು ಮೈಕಲ್ ಕರೆಲ್ಸ್ 1988ರಲ್ಲಿ ಇದಕ್ಕೆ ಪರಿಹಾರ ಪ್ರಕಟಿಸಿದರು. ಇಂಟರ್ನೆಟ್‌ನಲ್ಲಿ ಡೇಟಾ ಕಳಿಸುವ ನಿಯಮಗಳ ಕಟ್ಟು ಟಿಸಿಪಿ ಇವತ್ತಿಗೂ ನಡೆಯುವುದು ಆ ವಿಚಾರದ ಮೇಲೆಯೇ. ಕಳಿಸುವ ಕಡೆಯವರು ಮೆಲ್ಲಗೆ ವೇಗ ಏರಿಸುತ್ತಾ ಹೋಗಬೇಕು. ಒಂದು ಪ್ಯಾಕೆಟ್ ಕಳೆದುಹೋದರೆ ದಾರಿ ತುಂಬಿದೆ ಎಂದು ತಿಳಿದು ವೇಗ ಇಳಿಸಬೇಕು.

ಹಾಗಾಗಿ ಪ್ಯಾಕೆಟ್ ಬಿದ್ದುಹೋಗುವುದು ಕೆಟ್ಟದ್ದಲ್ಲ. ಅದು ಸುದ್ದಿ. ದಾರಿ ತುಂಬಿದೆ ಎಂದು ಕಳಿಸುವವರಿಗೆ ಗೊತ್ತಾಗಲು ಟಿಸಿಪಿಗೆ ಇದ್ದ ಮುಖ್ಯ ದಾರಿಯೇ ಅದು. ಮುಂದಿನ ಎಲ್ಲ ಎಡವಟ್ಟೂ ಈ ಮಾತನ್ನು ಮರೆತದ್ದರಿಂದ ಆಯಿತು.

ಮರೆಸಿದ್ದು ಮೆಮೊರಿಯ ಬೆಲೆ. ಮೆಮೊರಿ ಅಗ್ಗವಾಗುತ್ತಾ ಹೋದಂತೆ ಮೋಡೆಮ್, ರೂಟರ್, ನೆಟ್‌ವರ್ಕ್ ಕಾರ್ಡ್, ಡ್ರೈವರ್, ಹೀಗೆ ಎಲ್ಲ ಕಡೆ ಬಫರ್‌ಗಳು ದೊಡ್ಡದಾದವು. ಪ್ಯಾಕೆಟ್ ಬೀಳಿಸುವುದು ತಪ್ಪು, ಇಟ್ಟುಕೊಂಡಿರುವುದೇ ಒಳ್ಳೆಯದು ಎಂಬ ನಂಬಿಕೆ ಇಂಜಿನಿಯರ್‌ಗಳಲ್ಲಿ ಬೇರೂರಿತ್ತು. ಲಿನಕ್ಸ್‌ನಲ್ಲಿ ಈಥರ್ನೆಟ್ ಇಂಟರ್‌ಫೇಸ್ ಒಂದಕ್ಕೆ ಕ್ಯೂ ಉದ್ದ 1000 ಪ್ಯಾಕೆಟ್ ಎಂದು ಇಟ್ಟಿದ್ದರು. ಒಂದೊಂದು 1500 ಬೈಟ್ ಎಂದು ಲೆಕ್ಕ ಹಾಕಿ ನೋಡಿ. ಒಟ್ಟು 12 ಮೆಗಾಬಿಟ್ ಆಗುತ್ತದೆ. ಸೆಕೆಂಡಿಗೆ 1 ಗಿಗಾಬಿಟ್ ಸಾಗುವ ಲೈನಿನಲ್ಲಿ ಇದು ಖಾಲಿಯಾಗಲು 12 ಮಿಲಿಸೆಕೆಂಡ್ ಸಾಕು, ತೊಂದರೆ ಇಲ್ಲ. ಅದೇ ಕ್ಯೂ 1 ಮೆಗಾಬಿಟ್ ಅಪ್‌ಲೋಡ್ ಲೈನಿನ ಹಿಂದೆ ನಿಂತರೆ 12 ಸೆಕೆಂಡ್ ಬೇಕು. ಬಫರ್ ತುಂಬುವ ತನಕ ಪ್ಯಾಕೆಟ್ ಬೀಳುವುದಿಲ್ಲ. ಬೀಳುವ ತನಕ ಟಿಸಿಪಿ ವೇಗ ಏರಿಸುತ್ತಲೇ ಇರುತ್ತದೆ. ನಡುವೆ ಬಂದ ವೀಡಿಯೊ ಕಾಲ್‌ನ ಪುಟ್ಟ ಪ್ಯಾಕೆಟ್ ಆ ಸಾಲಿನ ಕೊನೆಯಲ್ಲಿ ನಿಲ್ಲಬೇಕು.

ಇದು ಗೊತ್ತಿಲ್ಲದ ವಿಷಯವೇನೂ ಆಗಿರಲಿಲ್ಲ. ಜಾನ್ ನೇಗಲ್ 1985ರಲ್ಲೇ ಬಫರ್‌ಗೆ ಮಿತಿಯೇ ಇಲ್ಲದಿದ್ದರೆ ನೆಟ್‌ವರ್ಕ್ ಏನಾಗುತ್ತದೆ ಎಂದು ಬರೆದಿದ್ದರು. ಹೊರೆ ಜಾಸ್ತಿಯಾದಾಗ ಪ್ಯಾಕೆಟ್‌ಗಳು ಕಾದು ಕಾದು ಆಯಸ್ಸು ಮುಗಿದೇ ಬೀಳುತ್ತವೆ, ಕೊನೆಗೆ ಯಾವುದೂ ಮುಟ್ಟುವುದಿಲ್ಲ ಎಂದು ತೋರಿಸಿದ್ದರು. 1993ರಲ್ಲಿ ಸ್ಯಾಲಿ ಫ್ಲಾಯ್ಡ್ ಮತ್ತು ಜೇಕಬ್ಸನ್ ರೆಡ್ ಎಂಬ ವಿಧಾನ ತಂದರು. ಕ್ಯೂ ತುಂಬುವ ಮೊದಲೇ ಅಲ್ಲೊಂದು ಇಲ್ಲೊಂದು ಪ್ಯಾಕೆಟ್ ಬೀಳಿಸಿ ಎಚ್ಚರಿಸುವುದು ಅದರ ಕೆಲಸ. ಆದರೆ ಅದಕ್ಕೆ ಕೊಡಬೇಕಾದ ಸೆಟ್ಟಿಂಗ್‌ಗಳು ಒಂದೊಂದು ಲೈನಿಗೂ ಬೇರೆ ಬೇರೆ. ತಪ್ಪಾದರೆ ಇದ್ದದ್ದೂ ಕೆಡುತ್ತಿತ್ತು. ಹಾಗಾಗಿ ಹೆಚ್ಚಿನವರು ಅದನ್ನು ಆನ್ ಮಾಡಲೇ ಇಲ್ಲ.

ತೊಂದರೆ ಇಷ್ಟು ದಿನ ಮರೆಯಲ್ಲಿ ಉಳಿಯಲು ಇನ್ನೊಂದು ಕಾರಣವೂ ಇತ್ತು. ವಿಂಡೋಸ್ ಎಕ್ಸ್‌ಪಿ ಸಾಮಾನ್ಯವಾಗಿ ಒಂದು ಸಂಪರ್ಕದಲ್ಲಿ ಒಂದು ಸಲಕ್ಕೆ 64 ಕಿಲೋಬೈಟ್‌ಗಿಂತ ಹೆಚ್ಚು ಡೇಟಾ ದಾರಿಯಲ್ಲಿ ಇಡುತ್ತಿರಲಿಲ್ಲ. ದೊಡ್ಡ ಬಫರ್ ತುಂಬಲು ಅದು ಸಾಲುತ್ತಿರಲಿಲ್ಲ. ಹೊಸ ಆಪರೇಟಿಂಗ್ ಸಿಸ್ಟಮ್‌ಗಳು ಈ ಮಿತಿಯನ್ನು ತಾವೇ ಬೇಕಾದಷ್ಟು ಏರಿಸಿಕೊಳ್ಳುತ್ತಿದ್ದವು, ಲಿನಕ್ಸ್ ಕೂಡ. 2006ರ 2.6.19 ಆವೃತ್ತಿಯಿಂದ ಲಿನಕ್ಸ್‌ನಲ್ಲಿ ಕ್ಯೂಬಿಕ್ ಎಂಬ ದಟ್ಟಣೆ ನಿಯಂತ್ರಣ ವಿಧಾನ ಡಿಫಾಲ್ಟ್ ಆಯಿತು. ವೇಗದ ಲೈನುಗಳನ್ನು ತುಂಬಿಸುವುದರಲ್ಲಿ ಅದು ಗಟ್ಟಿಗ. ಬಫರ್ ತುಂಬಿಸುವುದರಲ್ಲೂ ಅಷ್ಟೇ.

2010ರಲ್ಲಿ ಜಿಮ್ ಗೆಟ್ಟಿಸ್ ಇದನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಮಾಡಿದರು. ಎಕ್ಸ್ ವಿಂಡೋ ಸಿಸ್ಟಮ್ ಕಟ್ಟಿದವರಲ್ಲಿ ಒಬ್ಬರಾದ ಅವರು ಆಗ ಬೆಲ್ ಲ್ಯಾಬ್ಸ್‌ನಲ್ಲಿದ್ದರು. ಮನೆಯಿಂದ ದೊಡ್ಡ ಫೈಲ್ ಕಳಿಸುವಾಗ ಪಿಂಗ್ ಸಮಯ, ಅಂದರೆ ಒಂದು ಪುಟ್ಟ ಪ್ಯಾಕೆಟ್ ಹೋಗಿ ಉತ್ತರ ಬರಲು ಹಿಡಿಯುವ ಹೊತ್ತು, ಒಂದು ಸೆಕೆಂಡಿಗೂ ಮೇಲೆ ಹೋಗುತ್ತಿತ್ತು. ಲೈನ್ ಕೆಟ್ಟಿದೆ ಎಂದು ಬಿಟ್ಟುಬಿಡದೆ ಅವರು ಪ್ಯಾಕೆಟ್‌ಗಳನ್ನು ಹಿಡಿದು ನೋಡಿದರು, ಬಲ್ಲವರನ್ನು ಕೇಳಿದರು. ಒಂದು ಕಡೆ ಅಲ್ಲ, ಮೋಡೆಮ್, ರೂಟರ್, ಲ್ಯಾಪ್‌ಟಾಪ್ ಹೀಗೆ ಹುಡುಕಿದ ಕಡೆಯೆಲ್ಲಾ ಅತಿ ದೊಡ್ಡ ಬಫರ್‌ಗಳು ಸಿಕ್ಕವು. ಬಫರ್‌ಬ್ಲೋಟ್ ಎಂಬ ಹೆಸರಿಟ್ಟವರೂ ಅವರೇ. ಅವರ ಜೊತೆ ಸೇರಿಕೊಂಡ ಡೇವ್ ಟಾಟ್ ಮನೆ ರೂಟರ್‌ಗಳ ಮೇಲೆ ಪ್ರಯೋಗ ಮಾಡಲು ಸೆರೋಡಬ್ಲ್ಯೂಆರ್‌ಟಿ ಎಂಬ ಫರ್ಮ್‌ವೇರ್, ಅಂದರೆ ಸಾಧನದ ಒಳಗೇ ಓಡುವ ಸಾಫ್ಟ್‌ವೇರ್, ಕಟ್ಟಿದರು. 2025ರ ಏಪ್ರಿಲ್‌ನಲ್ಲಿ ತೀರಿಕೊಳ್ಳುವ ತನಕವೂ ಟಾಟ್ ಈ ಒಂದೇ ವಿಷಯದ ಹಿಂದೆ ಇದ್ದರು. ಅಷ್ಟು ಹಠದ ಮನುಷ್ಯ ಇಲ್ಲದಿದ್ದರೆ ಈ ಕೆಲಸ ಪ್ರಬಂಧಗಳಲ್ಲೇ ಉಳಿದುಬಿಡುತ್ತಿತ್ತು ಎಂದು ನನಗೆ ಅನಿಸುತ್ತದೆ.

ಇನ್ನು ಕರ್ನಲ್ ಒಳಗೆ ಹೋಗೋಣ. ಲಿನಕ್ಸ್‌ನಲ್ಲಿ ಹೊರಗೆ ಹೋಗುವ ಪ್ಯಾಕೆಟ್ ಎರಡು ಕಡೆ ಕಾಯುತ್ತದೆ. ಮೊದಲನೆಯದು ಕ್ಯೂಡಿಸ್ಕ್. ಯಾವ ಪ್ಯಾಕೆಟ್ ಮೊದಲು ಹೋಗಬೇಕು, ಯಾವುದನ್ನು ಬೀಳಿಸಬೇಕು ಎಂದು ಕರ್ನಲ್ ತೀರ್ಮಾನಿಸುವುದು ಇಲ್ಲಿ. ಅದರ ಕೆಳಗೆ ಡ್ರೈವರ್‌ನ, ಅಂದರೆ ನೆಟ್‌ವರ್ಕ್ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್‌ನ, ರಿಂಗ್ ಬಫರ್ ಇದೆ. ಅಲ್ಲಿಗೆ ಇಳಿದ ಪ್ಯಾಕೆಟ್ ಹಾರ್ಡ್‌ವೇರ್ ಕೈಗೆ ಹೋದ ಹಾಗೆ. ಅದರ ಸರದಿಯನ್ನು ಮತ್ತೆ ಬದಲಿಸಲು ಆಗುವುದಿಲ್ಲ. ಆ ರಿಂಗ್‌ನಲ್ಲಿ ನೂರಾರು ಜಾಗಗಳಿರುತ್ತವೆ. ಒಂದೊಂದು ಜಾಗದಲ್ಲೂ 64 ಕಿಲೋಬೈಟ್ ತನಕದ ಗಂಟು ಕೂರಬಹುದು. ಹಾಗಿರುವಾಗ ಮೇಲಿನ ಕ್ಯೂಡಿಸ್ಕ್ ಎಷ್ಟು ಜಾಣ ಆಗಿದ್ದರೂ ಏನು ಪ್ರಯೋಜನ? ಸಾಲು ಬೆಳೆಯುವುದೇ ಕೆಳಗೆ, ಅದರ ಕೈಗೆ ಸಿಗದ ಜಾಗದಲ್ಲಿ.

ಆದ್ದರಿಂದ ಮೊದಲು ಸರಿಯಾಗಬೇಕಿದ್ದದ್ದು ಡ್ರೈವರ್. 2012ರ ಮಾರ್ಚ್‌ನಲ್ಲಿ ಬಂದ ಲಿನಕ್ಸ್ 3.3ರಲ್ಲಿ ಗೂಗಲ್‌ನ ಟಾಮ್ ಹರ್ಬರ್ಟ್ ಬರೆದ ಬೈಟ್ ಕ್ಯೂ ಲಿಮಿಟ್ಸ್ ಸೇರಿತು. ಇದನ್ನು ಬಿಕ್ಯೂಎಲ್ ಎನ್ನುತ್ತಾರೆ. ರಿಂಗ್‌ನಲ್ಲಿ ಎಷ್ಟು ಪ್ಯಾಕೆಟ್ ಇದೆ ಎಂದು ಎಣಿಸುವ ಬದಲು ಇದು ಎಷ್ಟು ಬೈಟ್ ಇದೆ ಎಂದು ನೋಡುತ್ತದೆ. ಹಾರ್ಡ್‌ವೇರ್ ಎಷ್ಟು ಬೇಗ ಖಾಲಿ ಮಾಡುತ್ತಿದೆ ಎಂದು ಅಳೆದು, ಅದು ಖಾಲಿ ಕೂರದಿರಲು ಬೇಕಾದಷ್ಟನ್ನೇ ಕೆಳಗೆ ಬಿಡುತ್ತದೆ. ಉಳಿದದ್ದು ಮೇಲಿನ ಕ್ಯೂಡಿಸ್ಕ್‌ನಲ್ಲೇ ನಿಲ್ಲಬೇಕು. ಕೆಲವೇ ಸಾಲುಗಳನ್ನು ಸೇರಿಸಿದರೆ ಒಂದು ಡ್ರೈವರ್ ಬಿಕ್ಯೂಎಲ್‌ಗೆ ಸಿದ್ಧವಾಗುತ್ತದೆ. ಇದರ ಬಗ್ಗೆ ಮಾತಾಡುವವರು ಕಡಿಮೆ. ಆದರೆ ಮುಂದೆ ಬಂದ ಎಲ್ಲಕ್ಕೂ ನೆಲ ಹದ ಮಾಡಿಕೊಟ್ಟದ್ದು ಇದೇ.

ಎರಡು ತಿಂಗಳ ನಂತರ, 2012ರ ಮೇನಲ್ಲಿ, ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಕೋಡೆಲ್ ಎಂಬ ವಿಧಾನ ಪ್ರಕಟಿಸಿದರು. ರೆಡ್ ಸೋತದ್ದು ಎಲ್ಲಿ ಎಂದು ಅವರು ಚೆನ್ನಾಗಿ ಯೋಚಿಸಿದ್ದರು. ರೆಡ್ ಕ್ಯೂನ ಉದ್ದ ನೋಡುತ್ತಿತ್ತು. ಉದ್ದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಒಂದು ಕೌಂಟರ್ ಮುಂದೆ ಐವತ್ತು ಜನ ನಿಂತಿದ್ದರೂ ಕೌಂಟರ್ ಚುರುಕಾಗಿದ್ದರೆ ಬೇಗ ಮುಗಿಯುತ್ತದೆ, ಐದೇ ಜನ ಇದ್ದರೂ ನಿಧಾನವಾದರೆ ಅರ್ಧ ದಿನ ಹೋಗುತ್ತದೆ, ಅಲ್ವಾ? ಕೋಡೆಲ್ ನೋಡುವುದು ಕಾದ ಸಮಯವನ್ನು. ಪ್ಯಾಕೆಟ್ ಒಳಗೆ ಬಂದಾಗ ಗಂಟೆ ಗುರುತು ಹಾಕುತ್ತದೆ, ಹೊರಗೆ ಹೋಗುವಾಗ ಎಷ್ಟು ಹೊತ್ತು ಕಾಯಿತು ಎಂದು ಲೆಕ್ಕ ಹಾಕುತ್ತದೆ.

ಅದರ ಜಾಣತನ ಇನ್ನೂ ಒಂದಿದೆ. ಎಲ್ಲ ಕ್ಯೂ ಕೆಟ್ಟದ್ದಲ್ಲ. ಒಮ್ಮೆಲೇ ಒಂದಿಷ್ಟು ಪ್ಯಾಕೆಟ್ ನುಗ್ಗಿ ಬಂದಾಗ ಸಾಲು ನಿಲ್ಲುತ್ತದೆ, ಸ್ವಲ್ಪ ಹೊತ್ತಿಗೆ ಕರಗುತ್ತದೆ. ಬಫರ್ ಇರುವುದೇ ಅದಕ್ಕೆ. ಕೆಟ್ಟದ್ದು ಕರಗದೆ ನಿಂತೇ ಇರುವ ಸಾಲು. ಇವೆರಡನ್ನು ಬೇರೆ ಮಾಡಲು ಕೋಡೆಲ್ ಕಾಯುವ ಸಮಯದ ಸರಾಸರಿಯನ್ನು ಕೇಳುವುದಿಲ್ಲ, ಅತಿ ಕಡಿಮೆ ಎಷ್ಟಿತ್ತು ಎಂದು ಕೇಳುತ್ತದೆ. 100 ಮಿಲಿಸೆಕೆಂಡ್ ಉದ್ದಕ್ಕೂ ಕಾಯುವ ಸಮಯ ಒಂದು ಸಲವೂ 5 ಮಿಲಿಸೆಕೆಂಡ್‌ಗಿಂತ ಕೆಳಗೆ ಇಳಿಯದಿದ್ದರೆ ಅದು ನಿಂತ ಸಾಲು. ಆಗ ಒಂದು ಪ್ಯಾಕೆಟ್ ಬೀಳಿಸುತ್ತದೆ. ಆಮೇಲೂ ಸಾಲು ಇಳಿಯದಿದ್ದರೆ ಇನ್ನಷ್ಟು ಬೇಗ ಇನ್ನೊಂದು. ಬೀಳಿಸುವುದೂ ಸಾಲಿನ ಹಿಂದಿನಿಂದಲ್ಲ, ಮುಂದಿನಿಂದ. ಹಾಗೆ ಮಾಡಿದರೆ ಸುದ್ದಿ ಕಳಿಸುವವರಿಗೆ ಬೇಗ ಮುಟ್ಟುತ್ತದೆ. ಲೈನಿನ ವೇಗ ಎಷ್ಟು ಎಂದು ಕೋಡೆಲ್‌ಗೆ ಯಾರೂ ಹೇಳಬೇಕಿಲ್ಲ. ರೆಡ್ ಮುಗ್ಗರಿಸಿದ್ದು ಇಲ್ಲೇ.

ಅದೇ ತಿಂಗಳು ಎರಿಕ್ ಡುಮಜೆ ಇದನ್ನು ಲಿನಕ್ಸ್‌ಗೆ ತಂದರು. ಅಷ್ಟಕ್ಕೇ ನಿಲ್ಲಲಿಲ್ಲ. ಕೋಡೆಲ್ ಜೊತೆಗೆ ನ್ಯಾಯವಾಗಿ ಸರದಿ ಹಂಚುವ ಹಳೆಯ ವಿಚಾರವನ್ನು ಸೇರಿಸಿ ಎಫ್‌ಕ್ಯೂ-ಕೋಡೆಲ್ ಮಾಡಿದರು. ಇದರಲ್ಲಿ ಒಂದೇ ಸಾಲಿನ ಬದಲು 1024 ಸಾಲುಗಳಿವೆ. ಪ್ಯಾಕೆಟ್‌ನ ವಿಳಾಸ ಮತ್ತು ಪೋರ್ಟ್ ನೋಡಿ ಒಂದೊಂದು ಸಂಪರ್ಕವನ್ನು ಒಂದೊಂದು ಸಾಲಿಗೆ ಹಾಕುತ್ತದೆ. ಸರದಿಯಂತೆ ಎಲ್ಲ ಸಾಲಿಗೂ ಅವಕಾಶ ಕೊಡುತ್ತದೆ. ಹೊಸದಾಗಿ ಬಂದ, ಆಗೊಮ್ಮೆ ಈಗೊಮ್ಮೆ ಒಂದೆರಡು ಪ್ಯಾಕೆಟ್ ಮಾತ್ರ ಕಳಿಸುವ ಸಂಪರ್ಕಕ್ಕೆ ಮೊದಲ ಮಣೆ. ವೆಬ್‌ಸೈಟ್ ಹೆಸರಿನಿಂದ ವಿಳಾಸ ಹುಡುಕುವ ಡಿಎನ್‌ಎಸ್ ವಿಚಾರಣೆ, ಧ್ವನಿ ಕರೆ, ಆಟದ ಪ್ಯಾಕೆಟ್ ಇವೆಲ್ಲಾ ಆ ಬಗೆಯವು. ಇದು ಧ್ವನಿ, ಇದು ಫೈಲ್ ಎಂದು ಯಾರೂ ಗುರುತು ಹಾಕಿ ಕೊಡಬೇಕಿಲ್ಲ. ದೊಡ್ಡ ಅಪ್‌ಲೋಡ್ ತನ್ನ ಸಾಲನ್ನು ತಾನೇ ಉದ್ದ ಮಾಡಿಕೊಂಡು ತಾನೇ ಕಾಯುತ್ತದೆ. 2012ರ ಜುಲೈನಲ್ಲಿ ಬಂದ ಲಿನಕ್ಸ್ 3.5ರಲ್ಲಿ ಎರಡೂ ಇದ್ದವು. ಪ್ರಬಂಧ ಹೊರಬಂದ ಮೂರೇ ತಿಂಗಳೊಳಗೆ ಅದರ ವಿಚಾರ ಯಾರು ಬೇಕಾದರೂ ಬಳಸಬಹುದಾದ ಕರ್ನಲ್‌ನಲ್ಲಿ ಇತ್ತು. ತೆರೆದ ಸಾಫ್ಟ್‌ವೇರ್‌ನ ಬಲ ಏನು ಎಂದು ಯಾರಾದರೂ ಕೇಳಿದರೆ ನಾನು ಈ ಉದಾಹರಣೆ ಕೊಡುತ್ತೇನೆ.

ಅದೇ ವರ್ಷ 3.6ರಲ್ಲಿ ಟಿಸಿಪಿ ಸ್ಮಾಲ್ ಕ್ಯೂಸ್ ಬಂತು. ಒಂದೇ ಸಂಪರ್ಕ ತನ್ನ ಕಂಪ್ಯೂಟರ್‌ನ ಕ್ಯೂಗಳಲ್ಲೇ ರಾಶಿ ಹಾಕದಂತೆ ಇದು ತಡೆಯಿತು. 2013ರಲ್ಲಿ 3.12ರ ಜೊತೆ ಪೇಸಿಂಗ್ ಬಂತು. ಪ್ಯಾಕೆಟ್‌ಗಳನ್ನು ಗಂಟುಗಂಟಾಗಿ ಎಸೆಯದೆ ಬಿಡಿಸಿ ಬಿಡಿಸಿ ಕಳಿಸುವುದು ಇದರ ಕೆಲಸ. 2014ರ ಕೊನೆಗೆ, ಹಲವು ಲಿನಕ್ಸ್ ಕಂಪ್ಯೂಟರ್‌ಗಳನ್ನು ಶುರುಮಾಡಿ ನಡೆಸುವ ಸಿಸ್ಟಮ್‌ಡಿ ಎಂಬ ಸಾಫ್ಟ್‌ವೇರ್‌ನ 217ನೇ ಆವೃತ್ತಿ ಎಫ್‌ಕ್ಯೂ-ಕೋಡೆಲ್ ಅನ್ನು ಡಿಫಾಲ್ಟ್ ಮಾಡಿತು. ಆಗ ಲಕ್ಷಾಂತರ ಕಂಪ್ಯೂಟರ್‌ಗಳಿಗೆ ಮಾಲೀಕರಿಗೆ ಗೊತ್ತಿಲ್ಲದೆಯೇ ಇದು ತಲುಪಿತು.

ವೈಫೈ ಮಾತ್ರ ಜಗ್ಗಲಿಲ್ಲ. ಅಲ್ಲಿ ಕ್ಯೂಡಿಸ್ಕ್‌ನ ಕೆಳಗೆ ಇನ್ನೂ ದೊಡ್ಡ ಬಫರ್‌ಗಳಿದ್ದವು. ಹಲವು ಪ್ಯಾಕೆಟ್‌ಗಳನ್ನು ಒಟ್ಟು ಸೇರಿಸಿ ಕಳಿಸಿದರೆ ಮಾತ್ರ ವೈಫೈಗೆ ವೇಗ ಬರುತ್ತದೆ. ಸೇರಿಸಲು ಮೊದಲು ಕೂಡಿಡಬೇಕು. ಬಿಕ್ಯೂಎಲ್ ಅಲ್ಲಿ ನಡೆಯುವುದಿಲ್ಲ. ಇದರ ಜೊತೆಗೆ ಇನ್ನೊಂದು ಹಳೆಯ ಕಾಯಿಲೆ. ದೂರದ ಕೋಣೆಯಲ್ಲಿ ದುರ್ಬಲ ಸಿಗ್ನಲ್‌ನಲ್ಲಿರುವ ಒಂದು ಸಾಧನ ಅಷ್ಟೇ ಡೇಟಾ ಕಳಿಸಲು ಬಹಳ ಹೊತ್ತು ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದರಿಂದ ವೇಗದ ಸಾಧನಗಳೂ ನಿಧಾನ. ಟೋಕೆ ಹೋಯ್ಲಂಡ್ ಯೋರ್ಗೆನ್ಸೆನ್, ಟಾಟ್ ಮತ್ತು ಜೊತೆಗಾರರು ಕ್ಯೂಗಳನ್ನು ಡ್ರೈವರ್‌ನಿಂದ ಎತ್ತಿ ಕರ್ನಲ್‌ನ ವೈಫೈ ಪದರಕ್ಕೇ ತಂದರು. ಅಲ್ಲೇ ಎಫ್‌ಕ್ಯೂ-ಕೋಡೆಲ್ ಕೂರಿಸಿದರು. ಪ್ಯಾಕೆಟ್ ಲೆಕ್ಕದ ಬದಲು ಗಾಳಿಯಲ್ಲಿ ಕಳೆದ ಸಮಯವನ್ನು ಸಮನಾಗಿ ಹಂಚಿದರು. ಈ ಕೆಲಸದ ಪ್ರಬಂಧ 2017ರಲ್ಲಿ ಹೊರಬಂತು. ಆದರೆ ಇದು ಸಿಕ್ಕಿದ್ದು ಒಳಗಿನ ಕ್ಯೂ ಮುಟ್ಟಲು ಬಿಡುವ ಡ್ರೈವರ್‌ಗಳಿಗೆ ಮಾತ್ರ. ಚಿಪ್ ಒಳಗಿನ ಮುಚ್ಚಿದ ಫರ್ಮ್‌ವೇರ್ ತಾನೇ ಸಾಲು ನಿಲ್ಲಿಸಿಕೊಂಡರೆ ಕರ್ನಲ್ ಏನೂ ಮಾಡಲಾಗದು. ನನ್ನನ್ನು ಕೇಳಿದರೆ ಮುಚ್ಚಿದ ಫರ್ಮ್‌ವೇರ್ ವಿರುದ್ಧದ ದೊಡ್ಡ ವಾದವೇ ಇದು.

ಮನೆ ಲೈನಿನಲ್ಲೂ ಇಂಥದೇ ತೊಡಕು. ಇಕ್ಕಟ್ಟು ಇರುವುದು ಸಾಮಾನ್ಯವಾಗಿ ಮೋಡೆಮ್‌ನಲ್ಲಿ. ಅದರ ಬಫರ್ ನಿಮ್ಮ ಕೈಯಲ್ಲಿಲ್ಲ. ಅದಕ್ಕೆ ಉಪಾಯ ರೂಟರ್‌ನಲ್ಲಿ ವೇಗವನ್ನು ಲೈನಿಗಿಂತ ಸ್ವಲ್ಪ ಕಡಿಮೆಗೆ ಕಟ್ಟಿಹಾಕುವುದು. ಆಗ ಸಾಲು ಮೋಡೆಮ್‌ನಲ್ಲಿ ಬೆಳೆಯದೆ ರೂಟರ್‌ನಲ್ಲಿ ನಿಲ್ಲುತ್ತದೆ, ಅಲ್ಲಿ ಅದನ್ನು ನೋಡಿಕೊಳ್ಳಲು ಎಫ್‌ಕ್ಯೂ-ಕೋಡೆಲ್ ಇದೆ. ಜೊನಾಥನ್ ಮಾರ್ಟನ್ ಮತ್ತಿತರರು ಬರೆದ ಕೇಕ್ ಎಂಬ ಕ್ಯೂಡಿಸ್ಕ್ ಈ ಎರಡೂ ಕೆಲಸವನ್ನು ಒಂದರಲ್ಲೇ ಮಾಡುತ್ತದೆ. ಒಂದೊಂದು ಸಂಪರ್ಕಕ್ಕೆ ಮಾತ್ರವಲ್ಲ, ಒಂದೊಂದು ಸಾಧನಕ್ಕೂ ಸಮಪಾಲು ಕೊಡುತ್ತದೆ. 2018ರ ಅಕ್ಟೋಬರ್‌ನಲ್ಲಿ ಲಿನಕ್ಸ್ 4.19ರಲ್ಲಿ ಅದು ಸೇರಿತು.

ನಿಮ್ಮ ಲೈನಿನಲ್ಲಿ ಬಫರ್‌ಬ್ಲೋಟ್ ಇದೆಯೇ ಎಂದು ತಿಳಿಯುವುದು ಸುಲಭ. ಲೈನ್ ಖಾಲಿ ಇರುವಾಗ ಒಮ್ಮೆ ಪಿಂಗ್ ನೋಡಿ. ದೊಡ್ಡ ಅಪ್‌ಲೋಡ್ ನಡೆಯುತ್ತಿರುವಾಗ ಮತ್ತೊಮ್ಮೆ ನೋಡಿ. 20 ಇದ್ದದ್ದು 30 ಆದರೆ ಚಿಂತೆ ಇಲ್ಲ. ನೂರಾರು ಮಿಲಿಸೆಕೆಂಡ್ ದಾಟಿದರೆ ರೂಟರ್‌ನ ಸೆಟ್ಟಿಂಗ್‌ಗಳಲ್ಲಿ ಎಸ್‌ಕ್ಯೂಎಂ (ಸ್ಮಾರ್ಟ್ ಕ್ಯೂ ಮ್ಯಾನೇಜ್‌ಮೆಂಟ್) ಎಂಬುದು ಇದೆಯೇ ಹುಡುಕಿ. ಓಪನ್‌ಡಬ್ಲ್ಯೂಆರ್‌ಟಿ ಎಂಬ ತೆರೆದ ಫರ್ಮ್‌ವೇರ್ ಹಾಕಿದ ರೂಟರ್‌ಗಳಿಗೆ ಅದು ಸಿಗುತ್ತದೆ. ಅದರಲ್ಲಿ ಕೇಕ್ ಆರಿಸಿ, ಅಳೆದು ನೋಡಿದ ವೇಗದ ಶೇಕಡಾ 90ರಷ್ಟು ಕೊಟ್ಟು ಶುರುಮಾಡಿ. ಆಮೇಲೆ ಪಿಂಗ್ ನೋಡುತ್ತಾ ಸ್ವಲ್ಪ ಸ್ವಲ್ಪವೇ ಏರಿಸಿ. ಪಿಂಗ್ ಮತ್ತೆ ಏರತೊಡಗಿದಲ್ಲಿ ಒಂದು ಹೆಜ್ಜೆ ಹಿಂದೆ ಬನ್ನಿ.