ಹಸಿರು ದೀಪ ಮಿಟುಕಲಿಲ್ಲ

ಅಂಗೈಯಗಲದ ಬೋರ್ಡಿನ ಮೇಲಿನ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈ 3 ಮೊದಲ ಸಲ ಕೈಗೆ ಬಂದಾಗ, ಆಪರೇಟಿಂಗ್ ಸಿಸ್ಟಂನ ಇಮೇಜ್ ಕಡತವನ್ನು ಡೌನ್‌ಲೋಡ್ ಮಾಡಿ, ಹಾಡು ತುಂಬಿಸುವಂತೆ ಮೆಮೊರಿ ಕಾರ್ಡಿಗೆ ನಕಲಿಸಿ, ಕರೆಂಟು ಕೊಟ್ಟೆ. ಕೆಂಪು ದೀಪ ಹೊತ್ತಿತು. ಕಾರ್ಡನ್ನು ಓದುವಾಗ ಮಿಟುಕಬೇಕಾದ ಪಕ್ಕದ ಹಸಿರು ದೀಪ ಮಾತ್ರ ಮಿಟುಕಲೇ ಇಲ್ಲ. ಬೋರ್ಡೇ ಕೆಟ್ಟಿದೆಯೆಂದು ಮತ್ತೆ ಡಬ್ಬಕ್ಕೆ ತುಂಬಿದ್ದೂ ಆಯಿತು.

ಬೋರ್ಡ್ ಸರಿಯಾಗಿಯೇ ಇತ್ತು. ಇಮೇಜ್ ಎಂಬುದು ಕಾರ್ಡಿನೊಳಗೆ ಇಡುವ ಕಡತವಲ್ಲ, ಇಡೀ ಕಾರ್ಡಿನ ಪಡಿಯಚ್ಚು. ಯಾವ ವಿಭಾಗ ಎಲ್ಲಿಂದ ಶುರುವಾಗುತ್ತದೆ ಎಂಬ ಪಟ್ಟಿ ಅದರ ಮೊದಲ 512 ಬೈಟ್‌ಗಳಲ್ಲಿರುತ್ತದೆ; ಆಮೇಲೆ ಬೋರ್ಡನ್ನು ಎಬ್ಬಿಸುವ ಕಡತಗಳಿರುವ, ‘ಫ್ಯಾಟ್’ ಎಂಬ ಮಾದರಿಯ ಬೂಟ್ ವಿಭಾಗ, ಅದರಾಚೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನ ವಿಭಾಗ. ಮೊದಲ ಬೈಟಿನಿಂದಲೇ ಅದನ್ನು ಕಾರ್ಡಿನ ಮೇಲೆ ಹಾಗ್‌ಹಾಗೇ ಒತ್ತಬೇಕು. ನಾನು ಮಾಡಿದ್ದು ಬೀಜದ ಪೊಟ್ಟಣವನ್ನು ಬಿಚ್ಚದೆ ಹೊಲದಲ್ಲಿಟ್ಟು ಮಳೆಗೆ ಕಾದಂತೆ.

ಪೈ 3 ಏಳುವ ರೀತಿಯೇ ವಿಚಿತ್ರ. ಅದರಲ್ಲಿ ಮೊದಲು ಕಣ್ಣು ಬಿಡುವುದು ಸಿಪಿಯು ಅಲ್ಲ, ಗ್ರಾಫಿಕ್ಸ್ ಪ್ರೊಸೆಸರ್. ಚಿಪ್ಪಿನೊಳಗೆ ಅಚ್ಚಾಗಿರುವ ಪುಟ್ಟ ಪ್ರೋಗ್ರಾಂ ಕಾರ್ಡಿನ ಫ್ಯಾಟ್ ವಿಭಾಗದಲ್ಲಿ ‘ಬೂಟ್‌ಕೋಡ್’ ಎಂಬ ಕಡತವನ್ನು ಹುಡುಕುತ್ತದೆ. ಅದು ‘ಸ್ಟಾರ್ಟ್’ ಕಡತವನ್ನು ಕರೆತರುತ್ತದೆ. ‘ಸ್ಟಾರ್ಟ್’ ಲಿನಕ್ಸ್‌ನ ತಿರುಳಾದ ಕರ್ನಲ್ಲನ್ನು ಮೆಮೊರಿಗೆ ತುಂಬಿ, ಆಮೇಲಷ್ಟೇ ಸಿಪಿಯುವನ್ನು ಎಬ್ಬಿಸುತ್ತದೆ. ನನ್ನ ಕಾರ್ಡಿನಲ್ಲಿ ಫ್ಯಾಟ್ ವಿಭಾಗವೇನೋ ಇತ್ತು. ಬೂಟ್‌ಕೋಡ್ ಮಾತ್ರ ಇಮೇಜಿನ ಹೊಟ್ಟೆಯೊಳಗೆ ಸಿಕ್ಕಿಕೊಂಡಿತ್ತು! 2019ರ ಪೈ 4ರಿಂದ ಈಚೆಗೆ ಬೂಟ್‌ಕೋಡಿನ ಈ ಮೆಟ್ಟಿಲು ಬೋರ್ಡಿನ ಮೇಲಿನ ಬೇರೊಂದು ಚಿಪ್ಪಿಗೆ ಹೋಗಿದೆ.

ಇಮೇಜ್ ಯಾವುದಿರಬೇಕು? ಪೈ 3ರಲ್ಲಿರುವುದು 1 ಜಿಬಿ ರ‍್ಯಾಮ್. ಅದರ ಪುಟ್ಟ ತಮ್ಮ ಪೈ ಝೀರೋದಲ್ಲಿ ಅದರರ್ಧ. ತೋಟದ ಮೂಲೆಯಲ್ಲಿ ಕೂತು ಮಣ್ಣಿನ ತೇವ ಅಳೆಯುವ ಬೋರ್ಡಿಗೆ ಕಿಟಕಿ, ಐಕಾನ್, ವಾಲ್‌ಪೇಪರ್ ಯಾಕೆ? ಪೈನದೇ ಆಪರೇಟಿಂಗ್ ಸಿಸ್ಟಂ ಆದ ರಾಸ್ಪ್‌ಬೆರಿ ಪೈ ಓಎಸ್‌ನ ‘ಲೈಟ್’ ಆವೃತ್ತಿ ಆ ಡೆಸ್ಕ್‌ಟಾಪನ್ನೇ ಕೈಬಿಟ್ಟಿದೆ. ಆಲ್ಪೈನ್ ಎಂಬ ಪುಟ್ಟ ಲಿನಕ್ಸ್ ಇನ್ನೊಂದು ಹೆಜ್ಜೆ ಮುಂದೆ: ಇಡೀ ವ್ಯವಸ್ಥೆಯನ್ನು ರ‍್ಯಾಮಿಗೆ ಏರಿಸಿಕೊಂಡು ಓಡಬಲ್ಲದು. ಹಾಗೆ ಓಡುವಾಗ ಕಾರ್ಡಿನ ಮೇಲೆ ಬರೆಯುವುದು ತೀರಾ ಕಡಿಮೆ. ಹೇಳದೆ ಕೇಳದೆ ಕರೆಂಟು ಹೋಗುವ ಊರುಗಳಿಗೆ ನನ್ನ ಮತ ಇದಕ್ಕೇ, ಕಲಿಯುವುದು ತುಸು ಕಷ್ಟವಾದರೂ. ಬರೆಯುತ್ತಿರುವಾಗಲೇ ಕರೆಂಟು ಹೋದರೆ ಕಾರ್ಡು ಕೆಡುವ ಸಂಭವ ಹೆಚ್ಚು.

ಇಮೇಜನ್ನು ಕಾರ್ಡಿಗೆ ಅಚ್ಚೊತ್ತಲು ‘ರಾಸ್ಪ್‌ಬೆರಿ ಪೈ ಇಮೇಜರ್’ ಎಂಬ ಪ್ರೋಗ್ರಾಂ ಇದೆ; ವೈಫೈ ಹೆಸರು, ಪಾಸ್‌ವರ್ಡ್‌ಗಳನ್ನೂ ಅಲ್ಲಿಯೇ ಕೊಡಬಹುದು. ಲಿನಕ್ಸ್‌ನ ‘ಡಿಡಿ’ ಆದೇಶವೂ ಸಾಕು, ಆದರೆ ಡಿಸ್ಕಿನ ಹೆಸರು ತಪ್ಪಿದರೆ ನಿಮ್ಮ ಲ್ಯಾಪ್‌ಟಾಪಿನ ಡಿಸ್ಕೇ ಒರೆಸಿಹೋದೀತು. ಮುಗಿದ ಮೇಲೆ ವಿಂಡೋಸ್‌ನಲ್ಲಿ ನೋಡಿದರೆ 32 ಜಿಬಿ ಕಾರ್ಡು ಕೆಲವೇ ನೂರು ಎಂಬಿಗೆ ಕುಗ್ಗಿದಂತೆ ಕಾಣುತ್ತದೆ, ‘ಫಾರ್ಮ್ಯಾಟ್ ಮಾಡಲೇ?’ ಎಂದೂ ಕೇಳಬಹುದು. ಲಿನಕ್ಸ್ ವಿಭಾಗವನ್ನು ಓದಲು ಬಾರದೆ ಕೇಳುವ ಪ್ರಶ್ನೆ ಅದು. ಬೇಡ ಎನ್ನಿ.

ಪೈ ಓಎಸ್ ಮೊದಲ ಸಲ ಏಳುವಾಗ ಲಿನಕ್ಸ್ ವಿಭಾಗ ಕಾರ್ಡಿನ ಉಳಿದ ಜಾಗಕ್ಕೆಲ್ಲ ತಾನೇ ಹಿಗ್ಗಿಕೊಳ್ಳುತ್ತದೆ. ಪರದೆಯಿಲ್ಲದ ಬೋರ್ಡಿನಲ್ಲಿ ಅದರ ಸುಳಿವು ಕೊಡುವುದು ಹಸಿರು ದೀಪವೊಂದೇ. ಆ ಮಿಟುಕು ತಣ್ಣಗಾಗುವವರೆಗೆ ಪ್ಲಗ್ ಕೀಳಬೇಡಿ.