ಟಾಲ್ ಟೇಲ್ ಪೋಸ್ಟ್‌ಕಾರ್ಡ್: ಬಂಡಿಗೆ ಹೊರೆಯಾದ ಆಲೂಗಡ್ಡೆ

ಕುದುರೆ ಬಂಡಿಯ ತುಂಬ ಮೂರ್ನಾಲ್ಕೇ ಆಲೂಗಡ್ಡೆ, ರೈಲಿನ ತೆರೆದ ವ್ಯಾಗನ್ನಿಗೆ ಒಂದೇ ಹಣ್ಣು, ದಿಮ್ಮಿಯಂತೆ ಉರುಳಿಸಬೇಕಾದ ಮುಸುಕಿನ ಜೋಳದ ತೆನೆ: ಇಂಥ ಛಾಯಾಚಿತ್ರಗಳಿದ್ದು, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದಲ್ಲಿ ಬಹಳವಾಗಿ ಮಾರಾಟವಾದ ಅಂಚೆ ಕಾರ್ಡುಗಳನ್ನು ‘ಟಾಲ್ ಟೇಲ್ ಪೋಸ್ಟ್‌ಕಾರ್ಡ್’ (ಬಡಾಯಿ ಕಥೆಯ ಕಾರ್ಡು) ಎನ್ನುತ್ತಾರೆ. ಹಳೆಯ ಕಾರ್ಡುಗಳ ಸಂಗ್ರಾಹಕರಲ್ಲಿ ‘ಎಕ್ಸಾಜರೇಷನ್ ಕಾರ್ಡ್’ (ಉತ್ಪ್ರೇಕ್ಷೆಯ ಕಾರ್ಡು) ಎಂಬ ಹೆಸರೂ ಬಳಕೆಯಲ್ಲಿದೆ. ದೊಡ್ಡ ತರಕಾರಿಯ ವ್ಯಂಗ್ಯಚಿತ್ರವನ್ನು ಯಾರು ಬೇಕಾದರೂ ಬರೆಯಬಹುದಿತ್ತು. ಕ್ಯಾಮೆರಾ ಸುಳ್ಳು ಹೇಳುವುದಿಲ್ಲವೆಂಬ ನಂಬಿಕೆ ಗಟ್ಟಿಯಾಗಿದ್ದ ಕಾಲದಲ್ಲಿ ಅದೇ ಸಂಗತಿ ಛಾಯಾಚಿತ್ರವಾಗಿ ಕೈಗೆ ಬಂದದ್ದೇ ಈ ಕಾರ್ಡುಗಳ ಜೀವಾಳ.

ಈ ಪ್ರಕಾರದ ಮುಖ್ಯ ಹೆಸರುಗಳಲ್ಲಿ ಒಂದು, ಕ್ಯಾನ್ಸಸ್ ರಾಜ್ಯದ ಒಟ್ಟಾವಾ ಊರಿನಲ್ಲಿ ಸ್ಟುಡಿಯೊ ಇಟ್ಟಿದ್ದ ವಿಲಿಯಂ ಎಚ್. ಮಾರ್ಟಿನ್ ಅವರದು. 1908ರ ಸುಮಾರಿಗೆ ಈ ಕೆಲಸಕ್ಕೆ ಕೈಹಾಕಿದ ಅವರು ಮರುವರ್ಷವೇ ಕಾರ್ಡುಗಳಿಗಾಗಿ ಪ್ರತ್ಯೇಕ ಕಂಪನಿ ತೆರೆದರು. ವಿಸ್ಕಾನ್ಸಿನ್‌ನ ವಾಪನ್ ಊರಿನಲ್ಲಿ ಆಲ್ಫ್ರೆಡ್ ಸ್ಟ್ಯಾನ್ಲಿ ಜಾನ್ಸನ್ ಇದೇ ಕಸುಬಿನಲ್ಲಿದ್ದರು. ಜನರಿರುವ ಒಂದು ಚಿತ್ರ, ತರಕಾರಿಯನ್ನು ತೀರ ಹತ್ತಿರದಿಂದ ತೆಗೆದ ಇನ್ನೊಂದು ಚಿತ್ರ, ಇವೆರಡನ್ನೂ ಮುದ್ರಿಸಿ, ಎರಡನೆಯದನ್ನು ಕತ್ತರಿಯಿಂದ ಕತ್ತರಿಸಿ ಮೊದಲನೆಯದರ ಮೇಲೆ ಅಂಟಿಸಿ, ಆ ಜೋಡಣೆಯ ಚಿತ್ರವನ್ನು ಮತ್ತೊಮ್ಮೆ ತೆಗೆಯುವುದು ಅವರ ವಿಧಾನ. ಕೇಳಲು ಇದು ಸುಲಭವೆನಿಸುತ್ತದೆ. ಆದರೆ ಬೆಳಕು ಎರಡರಲ್ಲೂ ಒಂದೇ ಕಡೆಯಿಂದ ಬೀಳಬೇಕು, ಅಂಚು ಕಾಣಬಾರದು, ಎಲ್ಲಕ್ಕಿಂತ ಹೆಚ್ಚಾಗಿ ಚಿತ್ರದಲ್ಲಿರುವವರ ಮೈಯಲ್ಲಿ ಭಾರ ಕಾಣಬೇಕು. ಇಲ್ಲದ ಹೊರೆಗೆ ಬೆನ್ನು ಬಾಗಿಸಿ, ನಗದೆ ನಿಂತ ಆ ಜನರ ಅಭಿನಯವೇ ತರಕಾರಿಯ ಗಾತ್ರಕ್ಕಿಂತ ದೊಡ್ಡ ಸಾಧನೆಯೆಂದು ನನ್ನ ಭಾವನೆ. ಅಡಿಬರಹವೂ ಅಷ್ಟೇ ಗಂಭೀರವಾಗಿ ‘ನಮ್ಮೂರಿನಲ್ಲಿ ನಾವು ಕೆಲಸ ಮಾಡುವ ರೀತಿ ಇದು’ ಎನ್ನುತ್ತಿತ್ತು. ಊರಿನ ಹೆಸರನ್ನಷ್ಟೇ ಬದಲಿಸಿ ಒಂದೇ ಚಿತ್ರವನ್ನು ಹಲವು ಊರುಗಳಲ್ಲಿ ಮಾರುವುದೂ ಇತ್ತು.

ಇವಕ್ಕೆ ಅನುಕೂಲವಾದದ್ದು ಅಂಚೆಯ ನಿಯಮಗಳು. ಖಾಸಗಿಯಾಗಿ ಮುದ್ರಿಸಿದ ಕಾರ್ಡನ್ನೂ ಒಂದೇ ಸೆಂಟಿಗೆ ಕಳಿಸಲು 1898ರಲ್ಲಿ ಅವಕಾಶವಾಯಿತು. 1907ರಿಂದ ವಿಳಾಸದ ಬದಿಯಲ್ಲೇ ಒಕ್ಕಣೆಯನ್ನೂ ಬರೆಯಬಹುದಾಗಿ, ಇನ್ನೊಂದು ಬದಿ ಪೂರ್ತಿಯಾಗಿ ಚಿತ್ರಕ್ಕೆ ಉಳಿಯಿತು.

ಆದರೆ ಬೇರೆ ವಿಷಯಗಳನ್ನು ಬಿಟ್ಟು ತರಕಾರಿಯೇ ಏಕೆ ಎಂಬುದಕ್ಕೆ ಉತ್ತರ ಸಿಗುವುದು ಕ್ಯಾನ್ಸಸ್ ಮತ್ತು ಸುತ್ತಲಿನ ಅಮೆರಿಕದ ಬಯಲುಸೀಮೆಯ ಚರಿತ್ರೆಯಲ್ಲಿ. 1862ರ ಹೋಮ್‌ಸ್ಟೆಡ್ ಕಾಯ್ದೆ ಅಲ್ಲಿ ನೆಲೆಸಿ ಸಾಗುವಳಿ ಮಾಡುವವರಿಗೆ 160 ಎಕರೆಯವರೆಗೆ ಭೂಮಿ ಕೊಡುತ್ತಿತ್ತು. ತಮ್ಮ ಜಮೀನು ಮಾರಬೇಕಿದ್ದ ರೈಲ್ವೆ ಕಂಪನಿಗಳು ಬಿತ್ತಿದ್ದೆಲ್ಲ ಬಂಗಾರವಾಗುವ ನಾಡೆಂಬಂತೆ ಅದನ್ನು ಪ್ರಚಾರ ಮಾಡಿದವು. ನಂಬಿ ಬಂದ ರೈತರು ಕಂಡದ್ದು 1874ರಲ್ಲಿ ಪೈರನ್ನೆಲ್ಲ ತಿಂದು ಹಾಕಿದ ಮಿಡತೆಯ ದಂಡನ್ನು, 1890ರ ದಶಕದ ಬರವನ್ನು. ಈ ಹಿನ್ನೆಲೆಯಲ್ಲಿ ನೋಡಿದಾಗ, ದೂರದ ನೆಂಟರಿಗೆ ಕಳಿಸಿದ ದೈತ್ಯ ಎಲೆಕೋಸಿನ ಚಿತ್ರದಲ್ಲಿ ಊರಿನ ಅಭಿಮಾನವೂ ಇದೆ, ಆ ಹಳೆಯ ಜಾಹೀರಾತುಗಳ ಅಣಕವೂ ಇದೆ. ಎರಡರಲ್ಲಿ ಒಂದನ್ನೇ ಆರಿಸಿಕೊಂಡರೆ ಅರ್ಥ ಕುಂದುತ್ತದೆ.

ಈ ಹೆಸರು ತರಕಾರಿಗೆ ಮಾತ್ರ ಸೀಮಿತವಲ್ಲ. ದೈತ್ಯ ಮೀನು, ಮೊಲಗಳ ಕಾರ್ಡುಗಳೂ ಇದರಲ್ಲಿ ಸೇರುತ್ತವೆ. ಧೂಳಿನ ಬಿರುಗಾಳಿ ಮತ್ತು ಬರದಿಂದ ಕ್ಯಾನ್ಸಸ್ ಕಂಗೆಟ್ಟಿದ್ದ 1930ರ ದಶಕದಲ್ಲಿ, ಗಾರ್ಡನ್ ಸಿಟಿಯ ಫ್ರ್ಯಾಂಕ್ ಕಾನರ್ಡ್ ಅದೇ ಕತ್ತರಿ-ಅಂಟಿನ ವಿಧಾನದಿಂದ ಮನುಷ್ಯರಷ್ಟು ಎತ್ತರದ ಮಿಡತೆಗಳ ಕಾರ್ಡುಗಳನ್ನು ಮಾಡಿದರು.